ಕ್ಲಾಟ್ ಲಾಜಿಕಲ್ ರೀಸನಿಂಗ್: ಯಾವುದು ಬಾಯಿಪಾಠ ಬೇಕು, ಯಾವುದು ಬೇಡ?

ಕಾಳಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಸೆಕೆಂಡ್ ಪಿಯು ಕಾಮರ್ಸ್. ಈ ಡಿಸೆಂಬರ್‌ನಲ್ಲಿ ಕ್ಲಾಟ್, ಅಂದ್ರೆ ಲಾ ಕಾಲೇಜಿನ ಪ್ರವೇಶ ಪರೀಕ್ಷೆ, ಬರೆಯಬೇಕು ಅಂತಿದ್ದೇನೆ. ಕೋಚಿಂಗ್ ಇಲ್ಲ, ಯೂಟ್ಯೂಬ್ ಮತ್ತು ಹಳೇ ಪೇಪರ್ ಅಷ್ಟೇ. ಇಂಗ್ಲಿಷ್, ಜಿಕೆ ಹೇಗೋ ನಡೆಯುತ್ತಿದೆ. ಲಾಜಿಕಲ್ ರೀಸನಿಂಗ್ ಮಾತ್ರ ತಲೆಯಲ್ಲಿ ನಿಲ್ಲುತ್ತಿಲ್ಲ.

ಒಂದು ನೋಟ್‌ಬುಕ್ ತುಂಬಾ ಡೆಫಿನಿಷನ್ ಬರೆದಿಟ್ಟಿದ್ದೇನೆ. ಪ್ರಿಮೈಸ್ ಅಂದ್ರೆ ಇದು, ಅಸಂಪ್ಷನ್ ಅಂದ್ರೆ ಅದು, ಆಮೇಲೆ ಫ್ಯಾಲಸಿಗಳ, ಅಂದ್ರೆ ತಪ್ಪು ವಾದಗಳ ಹೆಸರು, ಅದರಲ್ಲಿ ಅರ್ಧ ಲ್ಯಾಟಿನ್. ಬೆಳಿಗ್ಗೆ ಒಪ್ಪಿಸಿದ್ದು ಸಂಜೆಗೆ ಇಲ್ಲ. ಇದರಲ್ಲಿ ಬಾಯಿಪಾಠ ಮಾಡಲೇಬೇಕಾದದ್ದು ಏನು, ಬಿಟ್ಟರೂ ನಡೆಯುವುದು ಏನು? ಬರೆದು ಪಾಸಾದವರು ಯಾರಾದರೂ ಇದ್ದರೆ ಹೇಳಿ.

ದೇವಿಮನೆ_ತಿರುವು

ತಂಗಿ, ಮೊದಲು ಆ ಲ್ಯಾಟಿನ್ ಪಟ್ಟಿ ಪಕ್ಕಕ್ಕಿಡು. ಹೆಸರು ಗೊತ್ತಿದ್ದರೆ ನಷ್ಟ ಇಲ್ಲ, ಆದರೆ ಮಾರ್ಕ್ಸ್ ಬರುವುದು ಹೆಸರಿಗಲ್ಲ. 2020ರಿಂದ ಕ್ಲಾಟ್ ಪೂರ್ತಿ ಪ್ಯಾಸೇಜ್ ಮೇಲೆ ನಡೆಯುತ್ತದೆ. ಸುಮಾರು 450 ಪದದ ಒಂದು ಬರಹ ಕೊಡುತ್ತಾರೆ, ಅದರ ಕೆಳಗೆ ಪ್ರಶ್ನೆಗಳು. ಬರೆದವನ ವಾದ ಏನು, ಅದು ಯಾವುದರ ಮೇಲೆ ನಿಂತಿದೆ, ಯಾವುದು ಬಂದರೆ ಬೀಳುತ್ತದೆ, ಇದರಿಂದ ಇನ್ನೇನು ಹೇಳಬಹುದು, ಬಹುಪಾಲು ಇಷ್ಟೇ ಕೇಳುವುದು.

ಲೆಕ್ಕ ಗೊತ್ತಿರಲಿ. ಮೊದಲು 150 ಪ್ರಶ್ನೆ ಇತ್ತು, 2024ರ ಕ್ಲಾಟ್‌ನಿಂದ 120 ಮಾಡಿದ್ದಾರೆ. ಟೈಮ್ 120 ನಿಮಿಷ. ಲಾಜಿಕಲ್‌ನದ್ದು 22ರಿಂದ 26 ಪ್ರಶ್ನೆ. ಸರಿಯಾದರೆ 1, ತಪ್ಪಾದರೆ 0.25 ಹೋಗುತ್ತದೆ. ಅಂದರೆ ಪ್ಯಾಸೇಜ್ ಓದುವ ಹೊತ್ತೂ ಸೇರಿ ಪ್ರಶ್ನೆಗೆ ಒಂದೇ ನಿಮಿಷ. ಅಷ್ಟರಲ್ಲಿ ನೋಟ್‌ಬುಕ್ಕಿನ ಯಾವ ಪುಟದಲ್ಲಿ ಏನಿತ್ತು ಅಂತ ಯೋಚಿಸುತ್ತಾ ಕೂರಲಿಕ್ಕೆ ಆಗುವುದಿಲ್ಲ.

ಬಾಯಿಪಾಠ ಬೇಕಾದದ್ದು ಇದೆ, ಆದರೆ ತೀರಾ ಸ್ವಲ್ಪ. ಆ ಸ್ವಲ್ಪ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಅದರಲ್ಲಿ ಮೊದಲನೆಯದು 'ಇದ್ದರೆ' ವಾಕ್ಯ. ಡೆಫಿನಿಷನ್ ಬೇಡ, ಇದನ್ನು ನೆನಪಿಟ್ಟುಕೋ:

"ಗೋಕರ್ಣದಲ್ಲಿದ್ದರೆ ಕುಮಟಾ ತಾಲೂಕಿನಲ್ಲಿದ್ದೀಯ."

ಇದು ನಿಜ ಅಲ್ವಾ? ಹಾಗಾದರೆ ಇನ್ನೊಂದೂ ಖಂಡಿತ ನಿಜ: ಕುಮಟಾ ತಾಲೂಕಿನಲ್ಲಿ ಇಲ್ಲ ಅಂದರೆ ಗೋಕರ್ಣದಲ್ಲೂ ಇಲ್ಲ. ಹಿಂದುಮುಂದು ಮಾಡಿ ಎರಡೂ ಕಡೆ 'ಇಲ್ಲ' ಹಾಕಿದ್ದು. ಕಾಂಟ್ರಾಪಾಸಿಟಿವ್ ಅಂತ ದೊಡ್ಡ ಹೆಸರಿಟ್ಟಿದ್ದು ಇದಕ್ಕೇ. ಈಗ ಎರಡು ಹೊಂಡ ನೋಡು. ಸುಮ್ನೆ ಹಿಂದುಮುಂದು ಮಾಡಿ "ಕುಮಟಾ ತಾಲೂಕಿನಲ್ಲಿದ್ದರೆ ಗೋಕರ್ಣದಲ್ಲಿದ್ದೀಯ" ಅಂದರೆ ತಪ್ಪು, ನೀನು ಅದೇ ತಾಲೂಕಿನ ಮಿರ್ಜಾನ್ ಕೋಟೆ ಮುಂದೆ ನಿಂತಿರಬಹುದು. ತಿರುಗಿಸದೆ ಬರೀ 'ಇಲ್ಲ' ಹಾಕಿ "ಗೋಕರ್ಣದಲ್ಲಿ ಇಲ್ಲದಿದ್ದರೆ ಕುಮಟಾ ತಾಲೂಕಿನಲ್ಲೂ ಇಲ್ಲ" ಅಂದರೂ ತಪ್ಪು, ಮತ್ತದೇ ಮಿರ್ಜಾನ್. ಪರೀಕ್ಷೆಯ ತಪ್ಪು ಆಪ್ಷನ್‌ಗಳಲ್ಲಿ ಎಷ್ಟೋ ಈ ಎರಡು ಹೊಂಡದವೇ.

ಸಫಿಷಿಯಂಟ್, ನೆಸಸರಿ ಅಂತ ಗೊಂದಲ ಆದರೆ ಇದೇ ವಾಕ್ಯಕ್ಕೆ ಬಾ. ಕುಮಟಾ ತಾಲೂಕಿನಲ್ಲಿರಲು ಗೋಕರ್ಣ ಸಾಕು. ಗೋಕರ್ಣದಲ್ಲಿರಲು ಕುಮಟಾ ತಾಲೂಕು ಬೇಕು. ಮುಗಿಯಿತು.

ಬೈತಖೋಲ_ಬೋಟ್

ಬಾಯಿಪಾಠ ಅಂದ ಕೂಡಲೇ ನನಗೆ ತಲೆ ಕೆಡುತ್ತದೆ. ಲಾಜಿಕ್ ಯಾರಾದರೂ ಉರು ಹೊಡೆಯುತ್ತಾರಾ ಮಾರಾಯ್ರೇ? ಹಳೇ ಪೇಪರ್‌ಗಳು ಪರೀಕ್ಷೆ ನಡೆಸುವ ಕನ್ಸಾರ್ಟಿಯಂ ವೆಬ್‌ಸೈಟ್‌ನಲ್ಲೇ ಇವೆ. ಇಳಿಸಿಕೊಂಡು ಬಿಡಿಸುತ್ತಾ ಹೋಗುವುದು, ತಪ್ಪಾದದ್ದು ನೋಡುವುದು, ಅಷ್ಟೇ. ನಾನೂ ಈ ವರ್ಷವೇ ಬರೆಯುವವನು, ಒಂದೇ ಒಂದು ಡೆಫಿನಿಷನ್ ಓದಿಲ್ಲ. ಕಾಮನ್‌ಸೆನ್ಸ್ ಸಾಕು.

ದೇವಿಮನೆ_ತಿರುವು

@ಬೈತಖೋಲ_ಬೋಟ್ ಸರಿ ತಮ್ಮಾ, ನಿನ್ನ ಹೆಸರಿಗೆ ತಕ್ಕ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಮೀನಿಗೆ ಹೋಗುವ ಹಾಗಿಲ್ಲ, ದಡದಲ್ಲೇ ನಿಲ್ಲಬೇಕು. ಇವತ್ತು ಬೈತಖೋಲ ಬಂದರಿನಲ್ಲಿ ಟ್ರಾಲರ್ ಎಲ್ಲ ದಡದಲ್ಲೇ ನಿಂತಿವೆ. ಆದ್ದರಿಂದ ಇವತ್ತು ನಿಷೇಧದ ಅವಧಿ. ಸರಿಯಾ?

ಬೈತಖೋಲ_ಬೋಟ್

ಸರಿ ಅಲ್ಲ. ಗಾಳಿ ಜೋರಿದ್ದರೂ ನಿಲ್ಲಿಸುತ್ತಾರೆ, ಮೀನು ಸಿಗದೆ ಡೀಸೆಲ್ ಖರ್ಚೂ ಹುಟ್ಟದಿದ್ದರೂ ನಿಲ್ಲಿಸುತ್ತಾರೆ. ಇದಕ್ಕೆ ಡೆಫಿನಿಷನ್ ಬೇಕಾ ಅಕ್ಕ?

ದೇವಿಮನೆ_ತಿರುವು

ಬೇಡ. ಯಾಕಂದ್ರೆ ಬಂದರು ನಿನಗೆ ಗೊತ್ತು. ಅದೇ ವಾದ ಯಾವುದೋ ದೇಶದ ಬಡ್ಡಿದರ, ಹಣದುಬ್ಬರದ ಪ್ಯಾಸೇಜ್‌ನಲ್ಲಿ, ಉದ್ದದ ಇಂಗ್ಲಿಷ್ ವಾಕ್ಯದೊಳಗೆ ಅಡಗಿ ಬಂದರೆ? "ದರ ಏರಿಸಿದರೆ ಸಾಲ ಕಡಿಮೆಯಾಗುತ್ತದೆ, ಸಾಲ ಕಡಿಮೆಯಾಗಿದೆ, ಹಾಗಾಗಿ ದರ ಏರಿಸಿದ್ದಾರೆ." ಓದುವಾಗ ಸರಿ ಅನ್ನಿಸಿಬಿಡುತ್ತದೆ. ಅಲ್ಲಿ ಕಾಮನ್‌ಸೆನ್ಸ್ ಕೈಕೊಡುತ್ತದೆ. ಆಗ "ಓ, ಇದು ಟ್ರಾಲರ್ ಪ್ರಶ್ನೆ" ಅಂತ ತಕ್ಷಣ ಹೊಳೆಯಬೇಕು. ಬಾಯಿಪಾಠ ಅಂತ ನಾನು ಹೇಳಿದ್ದು ಅದನ್ನೇ.

ಶಿರಸಿ_ಮೇಷ್ಟ್ರು

ದೇವಿಮನೆಯವರು ಹೇಳಿದ್ದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1966ರಲ್ಲಿ ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ್ದು. ಕನ್ನಡಕ್ಕೆ ಹೊಂದಿಸಿ ಹೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿ ಕಾರ್ಡಿಗೂ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ನಿಯಮ: ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಬೇಕು. ನಿಯಮ ಸರಿಯೋ ಸುಳ್ಳೋ ನೋಡಲು ಯಾವ ಯಾವ ಕಾರ್ಡು ಮಗುಚಬೇಕು?

ಹೆಚ್ಚಿನವರು 'ಅ' ಮತ್ತು 4 ಅನ್ನುತ್ತಾರೆ. ಸರಿ ಉತ್ತರ 'ಅ' ಮತ್ತು 7. ಓದಿದವರು, ಬುದ್ಧಿವಂತರು ಎಲ್ಲರೂ ಇಲ್ಲಿ ಎಡವುತ್ತಾರೆ.

1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬಿಬ್ಬರು ಅಮೆರಿಕದ ಫ್ಲಾರಿಡಾದಲ್ಲಿ ಇದನ್ನೇ ಸ್ವಲ್ಪ ಬದಲಿಸಿ ಕೇಳಿದರು. ನಿಯಮ: ಬಿಯರ್ ಕುಡಿಯುತ್ತಿದ್ದರೆ ವಯಸ್ಸು 19 ದಾಟಿರಬೇಕು. ಕಾರ್ಡುಗಳು: ಬಿಯರ್, ಕೋಕ್, 22, 16. ಯಾರನ್ನು ತಪಾಸಣೆ ಮಾಡುತ್ತೀರಿ? ಈ ಸಲ ಬಹುಪಾಲು ಹುಡುಗರು ಸರಿ ಹೇಳಿದರು, ಬಿಯರ್ ಕುಡಿಯುವವನ ವಯಸ್ಸು ನೋಡಬೇಕು, 16ರವನ ಗ್ಲಾಸು ನೋಡಬೇಕು. ಲೆಕ್ಕ ಎರಡರಲ್ಲೂ ಒಂದೇ! ಯಾಕೆ ಹೀಗೆ ಎಂಬುದರ ಬಗ್ಗೆ ಆ ಶಾಸ್ತ್ರದವರಲ್ಲೇ ಜಗಳ ಇದೆ. ಗೊತ್ತಿರುವ ಸಂಗತಿ ಎಂಬ ಕಾರಣಕ್ಕೋ, ನಿಯಮ ಮುರಿಯುವವರನ್ನು ಹಿಡಿಯುವುದರಲ್ಲಿ ನಾವು ಚುರುಕು ಎಂಬ ಕಾರಣಕ್ಕೋ. ಏನೇ ಇರಲಿ, ಅಕ್ಷರ ಅಂಕಿ ಉರು ಹೊಡೆಯುವುದಕ್ಕಿಂತ ಒಂದು ಗಟ್ಟಿ ಉದಾಹರಣೆ ತಲೆಯಲ್ಲಿ ಇಟ್ಟುಕೊಂಡರೆ ಲಾಭ ಜಾಸ್ತಿ.

ಕಾಳಿ_ದಂಡೆ

ಸರ್, 4 ಯಾಕೆ ಮಗುಚಬಾರದು? ಹಿಂದೆ ಸ್ವರ ಇದೆಯಾ ನೋಡಬೇಕಲ್ವಾ?

ಶಿರಸಿ_ಮೇಷ್ಟ್ರು

4ರ ಹಿಂದೆ 'ಅ' ಇದ್ದರೂ ನಿಯಮ ಮುರಿಯುವುದಿಲ್ಲ, 'ಕ' ಇದ್ದರೂ ಮುರಿಯುವುದಿಲ್ಲ. ವ್ಯಂಜನದ ಹಿಂದೆ ಏನಿರಬೇಕು ಅಂತ ನಿಯಮ ಹೇಳಿಯೇ ಇಲ್ಲ. 7ರ ಹಿಂದೆ 'ಅ' ಸಿಕ್ಕರೆ ಮಾತ್ರ ನಿಯಮ ಬಿತ್ತು. 22 ವರ್ಷದವನ ಗ್ಲಾಸಿನಲ್ಲಿ ಏನಿದೆ ಅಂತ ಪೊಲೀಸರು ನೋಡುತ್ತಾರಾ ಮಗಳೇ?

ಕಾಳಿ_ದಂಡೆ

ಈಗ ಗೊತ್ತಾಯಿತು. ಇನ್ನೊಂದು. ಇಂಗ್ಲಿಷ್‌ನಲ್ಲಿ 'ಇಫ್' ಬಂದರೆ ಪರವಾಗಿಲ್ಲ. 'ಓನ್ಲಿ ಇಫ್', 'ಅನ್‌ಲೆಸ್' ಬಂದರೆ ಯಾವುದು ಮುಂದೆ ಯಾವುದು ಹಿಂದೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಆದ್ದರಿಂದ ಇದನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ.

ದೇವಿಮನೆ_ತಿರುವು

ಇವು ಮಾತ್ರ ನಿಜವಾಗಿ ಬಾಯಿಪಾಠ ಮಾಡುವಂಥವು, ಯಾಕಂದ್ರೆ ಗಡಿಬಿಡಿಯಲ್ಲಿ ಕಣ್ಣು ಜಾರುವುದೇ ಇಲ್ಲಿ.

'ಓನ್ಲಿ ಇಫ್': ನೌಕಾನೆಲೆಯ ಗೇಟಿನಲ್ಲಿ "ಪಾಸ್ ಇದ್ದರೆ ಮಾತ್ರ ಒಳಗೆ" ಅಂತ ನಿಯಮ ಇದೆ ಅಂದುಕೋ. ಒಬ್ಬ ಒಳಗಿದ್ದಾನೆ, ಹಾಗಾದರೆ ಪಾಸ್ ಇದೆ. ಅಷ್ಟು ಹೇಳಬಹುದು. ಪಾಸ್ ಇದೆ, ಹಾಗಾದರೆ ಒಳಗೆ ಬಿಟ್ಟೇ ಬಿಡುತ್ತಾರೆ ಅನ್ನಲಿಕ್ಕಾಗುವುದಿಲ್ಲ, ಇನ್ನೇನೋ ತಪಾಸಣೆ ಇರಬಹುದು. ಅಂದರೆ 'ಓನ್ಲಿ ಇಫ್' ಆದಮೇಲೆ ಬರುವುದು ಯಾವಾಗಲೂ 'ಬೇಕು' ಕಡೆಯದ್ದು, ಬಾಣದ ತುದಿಯಲ್ಲಿ ಬರೆಯುವಂಥದ್ದು. ಒಳಗೆ → ಪಾಸ್.

'ಅನ್‌ಲೆಸ್': ಅದನ್ನು ಅಳಿಸಿ ಅಲ್ಲಿ 'ಇಫ್ ನಾಟ್' ಬರೆದುಬಿಡು. "ಮಳೆ ನಿಲ್ಲದ ಹೊರತು ದೇವಿಮನೆ ಘಟ್ಟದಲ್ಲಿ ಬಸ್ ಬಿಡುವುದಿಲ್ಲ." ಮಳೆ ನಿಲ್ಲದಿದ್ದರೆ ಬಸ್ ಇಲ್ಲ. ಬಸ್ ಹೋಯಿತು ಅಂದರೆ ಮಳೆ ನಿಂತಿದೆ. ಆದರೆ ಮಳೆ ನಿಂತಿತು, ಆದ್ದರಿಂದ ಬಸ್ ಹೊರಟಿತು ಅನ್ನುವ ಹಾಗಿಲ್ಲ. ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿರಬಹುದು. ಈ ಕೊನೆಯದ್ದನ್ನು ಆಪ್ಷನ್‌ನಲ್ಲಿ ಇಟ್ಟೇ ಇಡುತ್ತಾರೆ.

ಆಮೇಲೆ 'ಸಮ್', 'ಮೋಸ್ಟ್', 'ಆಲ್'. 'ಸಮ್' ಅಂದರೆ ಕನಿಷ್ಠ ಒಂದು, ಎಲ್ಲವೂ ಆಗಿರಲೂಬಹುದು. 'ಮೋಸ್ಟ್' ಅಂದರೆ ಅರ್ಧಕ್ಕಿಂತ ಜಾಸ್ತಿ. 'ಆಲ್' ಸುಳ್ಳು ಅಂತ ತೋರಿಸಲು ಒಂದೇ ಒಂದು ತಪ್ಪಿದರೆ ಸಾಕು, 'ಯಾವುದೂ ಇಲ್ಲ' ಅಂತ ತೋರಿಸಬೇಕಾಗಿಲ್ಲ. ಒಂದು ಕೇರಿಯ ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಕೊಂಕಣಿ ಮಾತಾಡುತ್ತಾರೆ, ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಮೀನು ತಿನ್ನುತ್ತಾರೆ ಅಂದರೆ, ಕೊಂಕಣಿ ಮಾತಾಡಿ ಮೀನೂ ತಿನ್ನುವ ಮನೆ ಒಂದಾದರೂ ಇರಲೇಬೇಕು. ಎರಡೂ ಕಡೆ 'ಕೆಲವು' ಅಂತಿದ್ದರೆ ಏನೂ ಹೇಳಲಿಕ್ಕಾಗುವುದಿಲ್ಲ.

ಫಾರ್ಮುಲಾ ಅಂತ ಕೇಳಿದರೆ ಇಷ್ಟೇ. ಉಳಿದದ್ದು ಓದಿ ಓದಿ ಬರಬೇಕು.

ತೋಟದ_ಮನೆ

ಅಸಂಪ್ಷನ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಶಿರಸಿ ಕಡೆಯವನು, ಲಾ ಮೂರನೇ ವರ್ಷ. ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲ ನಡೆಯುವ ಜಗಳವೇ ಒಳ್ಳೆಯ ಲಾಜಿಕಲ್ ಪ್ಯಾಸೇಜ್. ಅಡಿಕೆಗೆ ಕೊಳೆ ರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ದೊಡ್ಡಪ್ಪನ ವಾದ ಹೀಗೆ:

"ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆದ ತೋಟಗಳಲ್ಲಿ ಈ ವರ್ಷ ಕೊಳೆ ಕಡಿಮೆ. ತಡವಾಗಿ ಹೊಡೆದ ತೋಟಗಳಲ್ಲಿ ಜಾಸ್ತಿ. ಆದ್ದರಿಂದ ಮೊದಲೇ ಹೊಡೆದದ್ದರಿಂದಲೇ ಕೊಳೆ ಕಡಿಮೆಯಾಯಿತು."

ಮೊದಲ ಎರಡು ವಾಕ್ಯ ಪ್ರಿಮೈಸ್. ಅವನ್ನು ಪ್ರಶ್ನಿಸುವ ಹಾಗಿಲ್ಲ, ನಿಜ ಅಂತ ಒಪ್ಪಿಕೊಂಡೇ ಮುಂದೆ ಹೋಗಬೇಕು. 'ಆದ್ದರಿಂದ' ಆದಮೇಲಿನದ್ದು ಕನ್‌ಕ್ಲೂಷನ್. ಇವೆರಡರ ನಡುವೆ ಒಂದು ಸಂಕ (ಕಾಲುಸೇತುವೆ) ಇದೆ, ದೊಡ್ಡಪ್ಪ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಏನು ಅದು? ಎರಡು ಥರದ ತೋಟಗಳ ನಡುವೆ ಔಷಧಿ ಹೊಡೆದ ಹೊತ್ತು ಬಿಟ್ಟರೆ ಕೊಳೆಗೆ ಸಂಬಂಧಪಟ್ಟ ಬೇರೆ ವ್ಯತ್ಯಾಸ ಇಲ್ಲ ಅನ್ನುವುದು. ಅದೇ ಅಸಂಪ್ಷನ್.

ಆಪ್ಷನ್‌ನಲ್ಲಿ ಇದನ್ನು ಹೇಗೆ ಗುರುತಿಸುವುದು? ಆಪ್ಷನ್ ಅನ್ನು ಉಲ್ಟಾ ಮಾಡಿ ನೋಡುವುದು. "ಬೇರೆ ವ್ಯತ್ಯಾಸ ಇದೆ" ಅಂದ ಕೂಡಲೇ ದೊಡ್ಡಪ್ಪನ ವಾದ ಕುಸಿಯುತ್ತದೆ ಅಲ್ವಾ? ಉಲ್ಟಾ ಮಾಡಿದಾಗ ವಾದ ಬಿದ್ದರೆ ಅದೇ ಅಸಂಪ್ಷನ್. ಬೀಳದೆ ಹಾಗೇ ನಿಂತರೆ ಆ ಆಪ್ಷನ್ ಬಿಟ್ಟುಬಿಡಿ. ನೆಗೇಷನ್ ಟೆಸ್ಟ್ ಅಂತಾರೆ, ಇದನ್ನೊಂದು ಬಾಯಿಪಾಠದ ಪಟ್ಟಿಗೆ ಸೇರಿಸಿಕೊಳ್ಳಿ.

ಈಗ ಯಾವುದು ಈ ವಾದವನ್ನು ಜಾಸ್ತಿ ದುರ್ಬಲ ಮಾಡುತ್ತದೆ, ಹೇಳಿ ನೋಡೋಣ:
ಎ) ಮೈಲುತುತ್ತದ ರೇಟು ಈ ವರ್ಷ ಏರಿದೆ.
ಬಿ) ಮೊದಲೇ ಹೊಡೆದ ತೋಟಗಳೆಲ್ಲ ಮಳೆ ಕಡಿಮೆ ಬೀಳುವ ಕಡೆ ಇವೆ.
ಸಿ) ತಡವಾಗಿ ಹೊಡೆದವರಲ್ಲಿ ಹೆಚ್ಚಿನವರಿಗೆ ಕೊನೆಗೌಡ (ಅಡಿಕೆ ಮರ ಹತ್ತಿ ಕೆಲಸ ಮಾಡುವವನು) ಸಿಕ್ಕಿರಲಿಲ್ಲ.
ಡಿ) ಕೆಲವರು ಬೋರ್ಡೋ ಬದಲು ಬೇರೆ ಔಷಧಿಯನ್ನೂ ಹೊಡೆಯುತ್ತಾರೆ.

ಬೈತಖೋಲ_ಬೋಟ್

ಬಿ. ಸಿ ನೋಡಿ ಒಂದು ಕ್ಷಣ ನಿಂತೆ, ಆದರೆ ಅದು ತಡವಾದದ್ದಕ್ಕೆ ಕಾರಣ ಹೇಳುತ್ತದೆ, ಕೊಳೆ ಬಂದದ್ದಕ್ಕಲ್ಲ.

ತೋಟದ_ಮನೆ

ಸರಿ. ಕೊನೆಗೌಡ ಸಿಗದಿರುವುದು ನಮ್ಮ ಊರಿನ ದೊಡ್ಡ ತಲೆನೋವು, ಓದಿದ ಕೂಡಲೇ "ಹೌದಪ್ಪಾ" ಅನ್ನಿಸುತ್ತದೆ. ಸಿ ಆಪ್ಷನ್ ಇಟ್ಟದ್ದೇ ಅದಕ್ಕೆ. ನಿಜ ಅನ್ನಿಸುವುದು ಬೇರೆ, ಪ್ರಶ್ನೆಗೆ ಉತ್ತರ ಆಗುವುದು ಬೇರೆ.

ಇನ್ನೊಂದು ಅಪಾಯ ಇದೆ. ಮಳೆಗೆ ಮೊದಲೇ ಹೊಡೆಯಬೇಕು ಅಂತ ಕೃಷಿಯವರೂ ಹೇಳುತ್ತಾರೆ, ಅದು ನಿಜವೂ ಹೌದು. ತೋಟ ಇದ್ದವರು "ದೊಡ್ಡಪ್ಪ ಹೇಳಿದ್ದು ಸರಿಯೇ ಇದೆ, ದುರ್ಬಲ ಆಗುವುದೇ ಇಲ್ಲ" ಅಂತ ಪೇಪರಿನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಕನ್‌ಕ್ಲೂಷನ್ ನಿಜವಾಗಿದ್ದೂ ವಾದ ಸಡಿಲವಾಗಿರಬಹುದು. ಪರೀಕ್ಷೆ ಕೇಳುವುದು ವಾದದ ಬಗ್ಗೆ. ಪ್ಯಾಸೇಜ್‌ನಲ್ಲಿ ಇಲ್ಲದ ನಿಮ್ಮ ತಿಳಿವಳಿಕೆ ಹೊರಗೇ ಇರಲಿ. ರಾಜಕೀಯದ ಪ್ಯಾಸೇಜ್ ಬಂದಾಗ ಇದು ಇನ್ನೂ ಕಷ್ಟ.

ವಾದ ಗಟ್ಟಿ ಮಾಡಿ ಅಂದರೆ? ಒಂದೇ ತೋಟದ ಅರ್ಧಕ್ಕೆ ಮೊದಲು, ಅರ್ಧಕ್ಕೆ ತಡವಾಗಿ ಹೊಡೆದಾಗಲೂ ಇದೇ ಫಲ ಬಂತು ಅಂತ ಒಂದು ಆಪ್ಷನ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ತುಂಬಿ. ಬೇರೆ ಕಾರಣಗಳ ಬಾಗಿಲು ಅದು ಮುಚ್ಚುತ್ತದೆ.

ಹೊನ್ನಾವರ_ಮದ್ದಳೆ

ಇಷ್ಟೆಲ್ಲ ಮಾತಾಡುತ್ತೀರಿ, ತಾಳಮದ್ದಳೆ ಕೇಳಿ ಅಂತ ಒಬ್ಬರೂ ಹೇಳಲಿಲ್ಲವಲ್ಲ! ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಆರ್ಗ್ಯುಮೆಂಟ್ ಕಲಿಯಲಿಕ್ಕೆ ಯೂಟ್ಯೂಬ್ ಬೇಕಾ?

ವಾಲಿ ಕೇಳುವ ಪ್ರಶ್ನೆ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ. ರಾಮ ಕೊಡುವ ಉತ್ತರದಲ್ಲಿ ಎರಡು ಎಳೆ ಇದೆ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡು ಧರ್ಮ ಮೀರಿದೆ, ಅದಕ್ಕೆ ಶಿಕ್ಷೆ ಅನ್ನುವುದು ಒಂದು. ನೀನು ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆದರೆ ದೋಷ ಇಲ್ಲ ಅನ್ನುವುದು ಇನ್ನೊಂದು. ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ಬಿಡುತ್ತಾನಾ? "ನಾನು ಮೃಗವಾದರೆ ನಿಮ್ಮ ಧರ್ಮ ನನಗೆ ಹೇಗೆ ಬರುತ್ತದೆ? ಧರ್ಮ ಬರುತ್ತದೆ ಅಂತಾದರೆ ನಾನು ಮೃಗ ಹೇಗೆ?" ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಕ್ಲಾಟ್ ಸಿಲೆಬಸ್‌ನಲ್ಲಿ 'ಕಾಂಟ್ರಡಿಕ್ಷನ್ ಗುರುತಿಸುವುದು' ಅಂತ ಒಂದು ಸಾಲು ಇದೆಯಲ್ಲ, ಅದು ಇದೇ. ರಾಮನ ಪಾತ್ರದವನು ಅದಕ್ಕೆ ಕೊಡುವ ಉತ್ತರ ಕೇಳಲಿಕ್ಕೆ ಮಾತ್ರ ನೀವೇ ಬೆಳಗಿನ ಜಾವದ ತನಕ ಕೂರಬೇಕು.

ದೇವಿಮನೆ_ತಿರುವು

@ಹೊನ್ನಾವರ_ಮದ್ದಳೆ ಇದು ಚೆನ್ನಾಗಿದೆ ಅಣ್ಣ. ಆದರೆ ಅರ್ಥಧಾರಿಗೆ ಕೊಟ್ಟಷ್ಟು ಹೊತ್ತು ನಮಗೆ ಕೊಡುವುದಿಲ್ಲ, ಒಂದು ನಿಮಿಷ.

ಶಿರಸಿ_ಮೇಷ್ಟ್ರು

ಅದೇ ಜಾಡಿನಲ್ಲಿ ಒಂದು ಮಾತು ಸೇರಿಸುತ್ತೇನೆ. ನಮ್ಮ ನ್ಯಾಯಶಾಸ್ತ್ರದವರ ಹೊಗೆ-ಬೆಂಕಿ ಉದಾಹರಣೆ ಎಲ್ಲರೂ ಕೇಳಿದ್ದೀರಿ. ಹೊಗೆ ಇದ್ದಲ್ಲಿ ಬೆಂಕಿ ಇದೆ. ಗುಡ್ಡದಲ್ಲಿ ಹೊಗೆ ಕಾಣುತ್ತಿದೆ, ಹಾಗಾಗಿ ಗುಡ್ಡದಲ್ಲಿ ಬೆಂಕಿ. ಇದನ್ನು ತಿರುಗಿಸಿ 'ಬೆಂಕಿ ಇದ್ದಲ್ಲಿ ಹೊಗೆ' ಅನ್ನಬಾರದು ಅಂತ ಅವರೇ ಹೇಳಿದ್ದಾರೆ, ಅದಕ್ಕೆ ಕೊಟ್ಟ ಉದಾಹರಣೆ ಕೆಂಪಗೆ ಕಾಯ್ದ ಕಬ್ಬಿಣದ ಗುಂಡು. ಬೆಂಕಿ ಇದೆ, ಹೊಗೆ ಇಲ್ಲ. ಗೋಕರ್ಣ-ಮಿರ್ಜಾನ್ ಲೆಕ್ಕ ಹೊಸದೇನಲ್ಲ ಅಂತ ಹೇಳಿದೆ ಅಷ್ಟೇ.

ಕಾಳಿ_ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಅರ್ಥ ಆಗುತ್ತಿದೆ, ಆದರೆ ನನ್ನ ಮೊದಲ ಸಮಸ್ಯೆ ಹಾಗೇ ಇದೆ. ಇವತ್ತು ಅರ್ಥವಾದದ್ದು ಮುಂದಿನ ವಾರ ನೆನಪಿರಬೇಕಲ್ಲ. ಹೇಗೆ ಓದಬೇಕು?

ಯಲ್ಲಾಪುರ_ಪಿಜಿ

ಇದಕ್ಕೆ ನಾನು ಉತ್ತರ ಕೊಡಬಲ್ಲೆ, ನಾನು ಮೆಡಿಕಲ್, ನಮ್ಮದು ಪೂರ್ತಿ ನೆನಪಿನದೇ ಕೆಲಸ. ನೋಟ್ಸ್ ಮತ್ತೆ ಮತ್ತೆ ಓದಬೇಡ ತಂಗಿ. ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮೇಲು. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿ ಬರೆದವರು ಮೇಲು. ನಿನಗೆ ಬೇಕಾದದ್ದು ಡಿಸೆಂಬರ್‌ಗೆ, ಐದು ನಿಮಿಷಕ್ಕಲ್ಲ.

ಕಾರ್ಡು ಮಾಡಿಕೋ. ಮುಂದೆ ಪ್ರಶ್ನೆ, ಹಿಂದೆ ಉತ್ತರ. "ಕಾಂಟ್ರಾಪಾಸಿಟಿವ್ ಎಂದರೇನು" ಅಂತ ಬರೆಯಬೇಡ. "ಗೋಕರ್ಣ → ಕುಮಟಾ. ಇದರಿಂದ ಖಂಡಿತ ಹೇಳಬಹುದಾದದ್ದು ಯಾವುದು? ಹೇಳಬಾರದ ಎರಡು ಯಾವುವು?" ಅಂತ ಬರೆ. ಉತ್ತರ ಬಾಯಿಬಿಟ್ಟು ಹೇಳಿ ಆಮೇಲೆ ತಿರುಗಿಸಿ ನೋಡು. ಗೊತ್ತಿದ್ದದ್ದು ಕೆಲವು ದಿನ ಬಿಟ್ಟು, ಗೊತ್ತಿಲ್ಲದ್ದು ನಾಳೆಯೇ. ಆಂಕಿ ಆ್ಯಪ್ ಈ ಲೆಕ್ಕ ತಾನೇ ಇಡುತ್ತದೆ, ಆಂಡ್ರಾಯ್ಡ್‌ನಲ್ಲಿ ಫ್ರೀ. ಆದರೆ ಜುಲೈನಲ್ಲಿ ಘಟ್ಟದ ಮೇಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಮೊಬೈಲ್ ಚಾರ್ಜೂ ಇಲ್ಲ. ಹಳೇ ಲಗ್ನಪತ್ರಿಕೆ ಕತ್ತರಿಸಿದರೆ ಒಳ್ಳೆಯ ಕಾರ್ಡಾಗುತ್ತದೆ, ನಾನು ಇಡೀ ಅನಾಟಮಿ ಲಗ್ನಪತ್ರಿಕೆ ಹಿಂದೆ ಓದಿದವಳು.

ಒಂದೇ ಎಚ್ಚರ. ಕಾರ್ಡು ಮಾಡುವುದೇ ಒಂದು ಚಟ ಆಗಬಾರದು. ಬಣ್ಣ ಬಣ್ಣದ ಪೆನ್ನು ಹಿಡಿದು ಕೂತರೆ ಓದಿದ ಹಾಗೆ ಅನ್ನಿಸುತ್ತದೆ.

ಬೈತಖೋಲ_ಬೋಟ್

ನಾನು ಹಳೇ ಪೇಪರ್ ಬಗ್ಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಕಾರ್ಡು ಎಷ್ಟೇ ಇರಲಿ, 450 ಪದದ ಪ್ಯಾಸೇಜ್ ಗಡಿಯಾರ ಇಟ್ಟುಕೊಂಡು ಓದದಿದ್ದರೆ ಏನೂ ಆಗುವುದಿಲ್ಲ.

ದೇವಿಮನೆ_ತಿರುವು

ಅದು ನೂರಕ್ಕೆ ನೂರು ಸರಿ. ಇಂಗ್ಲಿಷ್ ಪೇಪರಿನ ಸಂಪಾದಕೀಯ ದಿನಕ್ಕೊಂದು ತೆಗೆದುಕೊಂಡು, ಪೆನ್ಸಿಲ್‌ನಲ್ಲಿ ಕನ್‌ಕ್ಲೂಷನ್‌ಗೆ ಗೆರೆ ಎಳೆದು, ಪಕ್ಕದಲ್ಲಿ ಅಸಂಪ್ಷನ್ ಒಂದು ಸಾಲಿನಲ್ಲಿ ಬರೆಯಿರಿ. 'ದೇರ್‌ಫೋರ್' ಕಂಡಲ್ಲೆಲ್ಲ ಕನ್‌ಕ್ಲೂಷನ್ ಇರುತ್ತದೆ ಅಂತ ನಂಬಬೇಡಿ, ಅದು ನಡುವಿನ ಒಂದು ಮೆಟ್ಟಿಲೂ ಆಗಿರಬಹುದು. ಬರೆದವನು ಕೊನೆಗೆ ನಮ್ಮನ್ನು ಯಾವುದಕ್ಕೆ ಒಪ್ಪಿಸಲು ಹೊರಟಿದ್ದಾನೆ ಅಂತ ಕೇಳಿಕೊಂಡರೆ ಸಿಗುತ್ತದೆ.

ಸದಾಶಿವಗಡ_07

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ತಮ್ಮ ಅಮೆರಿಕದ ಲಾ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಪುಸ್ತಕ ತಂದಿಟ್ಟುಕೊಂಡು ಕ್ಲಾಟ್‌ಗೆ ಓದುತ್ತಿದ್ದಾನೆ. ಉಪಯೋಗ ಇದೆಯಾ? ಎಐಲೆಟ್ ಕೂಡ ಬರೆಯುತ್ತಾನಂತೆ.

ತೋಟದ_ಮನೆ

ಇದೆ, ಆದರೆ ಆರಿಸಿ ಓದಬೇಕು. ಎಲ್‌ಸ್ಯಾಟ್‌ನ ಲಾಜಿಕಲ್ ರೀಸನಿಂಗ್ ಪ್ರಶ್ನೆಗಳು ಚಿಕ್ಕ ಪ್ಯಾರಾದವು, ಅಸಂಪ್ಷನ್, ಸ್ಟ್ರೆಂಥನ್, ವೀಕನ್ ಕಲಿಯಲಿಕ್ಕೆ ಅಷ್ಟು ಶುದ್ಧವಾದದ್ದು ಬೇರೆ ಸಿಗುವುದಿಲ್ಲ. ಹಳೇ ಪುಸ್ತಕದಲ್ಲಿ 'ಲಾಜಿಕ್ ಗೇಮ್ಸ್' ಅಂತ ಒಂದು ಭಾಗ ಇರುತ್ತದೆ, ಅದನ್ನು ಅವರೇ 2024ರ ಆಗಸ್ಟ್‌ನಿಂದ ಪರೀಕ್ಷೆಯಿಂದ ತೆಗೆದುಹಾಕಿದ್ದಾರೆ. ಅದಕ್ಕೆ ಹೊತ್ತು ಕಳೆಯಬೇಡ ಅನ್ನಿ. ಎಐಲೆಟ್ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರ (ಎನ್‌ಎಲ್‌ಯು) ಪ್ರವೇಶ ಪರೀಕ್ಷೆ. ಅದರಲ್ಲಿ 150ರಲ್ಲಿ 70 ಪ್ರಶ್ನೆ ಲಾಜಿಕಲ್‌ನದ್ದೇ, ಆದ್ದರಿಂದ ಅದನ್ನು ಬರೆಯುವವರಿಗೆ ಈ ಚರ್ಚೆ ಇನ್ನೂ ಜಾಸ್ತಿ ಬೇಕು. ಅದಕ್ಕೆ ಸಿಲಾಜಿಸಂ (ಎರಡು ಹೇಳಿಕೆಯಿಂದ ಮೂರನೆಯದ್ದು ಹೊರಡಿಸುವುದು), ಕೂರುವ ಕ್ರಮ, ರಕ್ತಸಂಬಂಧದ ಲೆಕ್ಕ ಎಲ್ಲ ಬೇರೆಯಾಗಿ ಅಭ್ಯಾಸ ಮಾಡಲಿ. ಕ್ಲಾಟ್‌ಗೂ ಅವು ಗೊತ್ತಿದ್ದರೆ ಒಳ್ಳೆಯದೇ.

ಶಿರಸಿ_ಮೇಷ್ಟ್ರು

ಮಾತು ಸಾಕು, ಕಾರವಾರದ ಮಗಳಿಗೆ ಒಂದು ಪ್ರಶ್ನೆ. ಕೆಳಗಿನದ್ದೆಲ್ಲ ನಿಜ ಅಂತ ಇಟ್ಟುಕೋ.

ರೆಡ್ ಅಲರ್ಟ್ ಇದ್ದರೆ ಶಾಲೆಗೆ ರಜೆ. ಹಬ್ಬ ಇದ್ದರೂ ರಜೆ. ರಜೆ ಇದ್ದರೆ ಬಿಸಿಯೂಟ ಮಾಡುವುದಿಲ್ಲ. ಇವತ್ತು ಬಿಸಿಯೂಟ ಮಾಡಿದ್ದಾರೆ.

ಖಂಡಿತವಾಗಿ ಹೇಳಬಹುದಾದದ್ದು:
ಎ) ಇವತ್ತು ಮಳೆ ಇಲ್ಲ.
ಬಿ) ಇವತ್ತು ರೆಡ್ ಅಲರ್ಟೂ ಇಲ್ಲ, ಹಬ್ಬವೂ ಇಲ್ಲ.
ಸಿ) ಬಿಸಿಯೂಟ ಮಾಡದ ದಿನವೆಲ್ಲ ರಜೆ ಇರುತ್ತದೆ.
ಡಿ) ರೆಡ್ ಅಲರ್ಟ್ ಇಲ್ಲದ ದಿನ ಬಿಸಿಯೂಟ ಇದ್ದೇ ಇರುತ್ತದೆ.

ಕಾಳಿ_ದಂಡೆ

ಬಿ ಸರ್. ಬಿಸಿಯೂಟ ಇದೆ, ಹಾಗಾಗಿ ರಜೆ ಇಲ್ಲ. ರಜೆ ಇಲ್ಲ, ಹಾಗಾಗಿ ಅಲರ್ಟೂ ಇಲ್ಲ, ಹಬ್ಬವೂ ಇಲ್ಲ.

ಎ ಆಗುವುದಿಲ್ಲ, ರೆಡ್ ಅಲರ್ಟ್ ಇಲ್ಲದೆಯೂ ಕಾರವಾರದಲ್ಲಿ ದಿನವಿಡೀ ಮಳೆ ಹೊಡೆಯುತ್ತದೆ.

ಶಿರಸಿ_ಮೇಷ್ಟ್ರು

ಉತ್ತರ ಸರಿ. ಸಿ ಮತ್ತು ಡಿ ಯಾಕೆ ಬಿಟ್ಟೆ? ಬಿಟ್ಟದ್ದಕ್ಕೂ ಕಾರಣ ಬರೆಯಬೇಕು, ಪ್ರತಿ ಸಲ.

ಕಾಳಿ_ದಂಡೆ

ಸಿ ಸುಮ್ನೆ ಹಿಂದುಮುಂದು ಮಾಡಿದ್ದು, ಮಿರ್ಜಾನ್ ಹೊಂಡ. ರಜೆ ಇಲ್ಲದೆಯೂ ಗ್ಯಾಸ್ ಖಾಲಿಯಾಗಿ ಊಟ ತಪ್ಪಿರಬಹುದು. ಡಿಯಲ್ಲಿ ತಿರುಗಿಸದೆ 'ಇಲ್ಲ' ಹಾಕಿದ್ದಾರೆ. ಅಲರ್ಟ್ ಇಲ್ಲದ ದಿನವೂ ಹಬ್ಬದ ರಜೆ ಇರಬಹುದು, ಆಗ ಊಟ ಇಲ್ಲ.

ಶಿರಸಿ_ಮೇಷ್ಟ್ರು

ಸರಿ. ಇನ್ನು ಪ್ಯಾಸೇಜ್‌ಗೆ ಹೋಗು. 2024ರ ಕ್ಲಾಟ್ ಪೇಪರ್‌ನ ಲಾಜಿಕಲ್ ಭಾಗದಿಂದ ಶುರು ಮಾಡು, ಎಲ್ಲಿ ಸಿಕ್ಕಿಬಿದ್ದೆ ಅಂತ ಪ್ರಶ್ನೆ ನಂಬರ್ ಸಮೇತ ಇಲ್ಲೇ ಹಾಕು.